ಬಲಿಪೀಠದ ಮೇಲೊಂದು ಇರುವೆ

ಇರುವೆ, ಅಲ್ಲಿ, ಬಲಿಪೀಠದ ಬಿಳಿ ಬಟ್ಟೆಯ ಮೇಲೆ, ಮೇಣದಬತ್ತಿಯ ಬುಡದಿಂದ ಹೊರಟು ನಡುಮಧ್ಯಕ್ಕೆ ಬರುತ್ತಿದೆ, ಒಂದೇ ಒಂದು, ಕರಿಯದು, ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತದೆ, ಮೂಸುತ್ತದೆ, ಮತ್ತೆ ನಡೆಯುತ್ತದೆ, ಈ ಹಾಳು ಕಣ್ಣಿಗೆ ಸೂಜಿಗೆ ದಾರ ಪೋಣಿಸುವುದಾಗುವುದಿಲ್ಲ, ಅಷ್ಟು ದೂರದ ಇರುವೆ ಮಾತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡು, ಮೊದಲ ಸಾಲಿನಲ್ಲಿ ಕೂತದ್ದರ ಫಲ — ಹಿಂದೆ ಹೀಗಿರಲಿಲ್ಲ, ಬಲಿಪೀಠ ಏಳು ಮೆಟ್ಟಿಲು ಮೇಲೆ ಗೋಡೆಗೆ ಆತುಕೊಂಡು ನಿಂತಿತ್ತು, ಫಾದರ್ ನಮಗೆ ಬೆನ್ನು ಕೊಟ್ಟು ಲ್ಯಾಟಿನ್‌ನಲ್ಲಿ ಗುಣುಗುಣು ಅನ್ನುತ್ತಿದ್ದರು, ಬೆನ್ನ ಮೇಲಿನ ಜರಿಯ ಶಿಲುಬೆ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ, ಅಲ್ಲಿ ಇರುವೆಯಲ್ಲ ಇಲಿ ಓಡಾಡಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ, ಗಂಟೆ ಹೊಡೆದಾಗ ತಲೆ ಬಗ್ಗಿಸಿದರೆ ಮುಗಿಯಿತು, ಆಮೇಲೆ ಜನರ ಕಡೆಗೆ ತಿರುಗಬೇಕು, ಜನರ ಮಾತಿನಲ್ಲೇ ಪೂಜೆಯಾಗಬೇಕು ಅಂತ ಮೇಲಿನಿಂದ ಅಪ್ಪಣೆ ಬಂತು, ಈ ಮೇಜು ಬಂತು, ಇದನ್ನು ಮಾಡಿದ್ದು ಇವರೇ, ನನ್ನ ಯಜಮಾನರು, ನಾವೆಲ್ಲ ಮೊಣಕಾಲೂರಿ ಪ್ರಸಾದ ತೆಗೆದುಕೊಳ್ಳುತ್ತಿದ್ದ ಮರದ ಕಟಕಟೆಯನ್ನು ಕಿತ್ತದ್ದೂ ಇವರೇ, ಕೀಳುವಾಗ ಎರಡು ಸಲ ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದರು, ಆಮೇಲೆ ಆ ಮರ ಬಿಸಾಡಲು ಮನಸ್ಸು ಬಾರದೆ ಅದರಿಂದಲೇ ಈ ಮೇಜಿನ ಕಾಲು ಕೂರಿಸಿದರು, ಏನೇ, ಫಾದರಿಗೆ ಇನ್ನು ಗೋಡೆ ಜೊತೆ ಮಾತಾಡೋದು ತಪ್ಪಿತು ಕಣೇ, ಅಂತ ನಕ್ಕರು, ಬಲಗಡೆಯ ಹಿಂದಿನ ಕಾಲು ಕೂದಲೆಳೆಯಷ್ಟು ಗಿಡ್ಡ, ಅದಕ್ಕೊಂದು ಚಕ್ಕೆ ಸಿಕ್ಕಿಸಿದ್ದು ನನಗೂ ಅವರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಇರುವೆ ಆ ಸಂದಿನಿಂದಲೇ ಹತ್ತಿ ಬಂದಿರಬೇಕು. ಪಕ್ಕದಲ್ಲಿ ಗುಬ್ಬಿ ಕಾಲು ಆಡಿಸುತ್ತಿದ್ದಾಳೆ, ಮಗನ ಮಗಳು, ಎಂಟು ವರ್ಷ, ಬಿಳಿ ಫ್ರಾಕು, ತಲೆಯ ಮೇಲೆ ಬಿಳಿ ಬಲೆ, ಇವತ್ತು ಅವಳ ಮೊದಲ ಪರಮಪ್ರಸಾದ, ಪೂಜೆಯ ರೊಟ್ಟಿಯನ್ನು ಮೊದಲ ಸಲ ಬಾಯಿಗೆ ತೆಗೆದುಕೊಳ್ಳುವ ದಿನ, ಕಾಲು ಆಡಿಸಬೇಡ ಕಣೇ, ನಿನ್ನ ಜೊತೆ ನಾನೂ ಆಡಿಸಿಬಿಟ್ಟರೆ ನನ್ನನ್ನು ನೋಡಿ ಹಿಂದಿನ ಸಾಲಿನವರೂ ಆಡಿಸ್ತಾರೆ — ತಮಾಷೆಯಲ್ಲ, ನಿಜವಾಗಿಯೂ ಹಾಗೆಯೇ ಆಗಿದೆ, ಹೊಸ ಪೂಜೆಯಲ್ಲಿ ಯಾವಾಗ ಏಳಬೇಕು ಯಾವಾಗ ಕೂರಬೇಕು ಯಾವಾಗ ಮೊಣಕಾಲೂರಬೇಕು ಒಂದೂ ತಿಳಿಯದೆ ಅರ್ಧ ಜನ ಎದ್ದು ಅರ್ಧ ಜನ ಕೂತು ನಗೆಪಾಟಲಾದಾಗ ಹೊಸ ಫಾದರೇ ಹೇಳಿಬಿಟ್ಟರು, ಗೊತ್ತಾಗದಿದ್ರೆ ಮೊದಲ ಸಾಲಿನಲ್ಲಿ ರೊಟ್ಟಿಯಮ್ಮನ್ನ ನೋಡಿ, ಅವರು ಎದ್ದರೆ ಏಳಿ, ಕೂತರೆ ಕೂರಿ. ಪೂಜೆಯ ರೊಟ್ಟಿ ಸುಡುವವಳು ನಾನು, ಅದಕ್ಕೇ ರೊಟ್ಟಿಯಮ್ಮ, ಅಂದಿನಿಂದ ನನ್ನ ಬೆನ್ನ ಮೇಲೆ ನಾನೂರು ಕಣ್ಣು, ಮೂಗು ತುರಿಸಿಕೊಳ್ಳಲೂ ಯೋಚನೆ ಮಾಡಬೇಕು.

ಫಾದರ್ ಮಕ್ಕಳಿಗೆ ಪ್ರವಚನ ಹೇಳುತ್ತಿದ್ದಾರೆ, ಮೆಟ್ಟಿಲಿಳಿದು ಬಂದು ಮಕ್ಕಳ ಮುಂದೆ ನಿಂತು, ಕೈಯಲ್ಲಿ ಒಂದು ಗೋಧಿಯ ತೆನೆ, ಇದೇನು ಹೇಳಿ ನೋಡೋಣ, ಗೋಧೀ ಫಾದರ್, ಜೋರಾಗಿ, ಗೋಧೀಈಈ ಫಾದರ್, ಭೇಷ್, ಮತ್ತೆ ಇವತ್ತು ನೀವು ತಗೊಳ್ಳೋ ರೊಟ್ಟಿಯಲ್ಲಿ ಏನಿರತ್ತೆ, ಗೋಧಿ ಮತ್ತು ನೀರು, ಅಷ್ಟೇ, ಬೇರೇನೂ ಇಲ್ಲ, ಯಾಕಂದ್ರೆ ಯೇಸುಸ್ವಾಮಿ ತಗೊಂಡದ್ದೂ ಬರೀ ರೊಟ್ಟಿನೇ ಅಲ್ವಾ, ಕೇಕ್ ಅಲ್ವಲ್ಲ, ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ, ಇರುವೆ ಬಟ್ಟೆಯ ಮಡಿಕೆ ದಾಟಿತು — ಮೊನ್ನೆ ಮೇಲಿನಿಂದ ಒಂದು ಕಾಗದ ಬಂದಿದೆ, ಅಂತ ಫಾದರ್ ಈಗ ದೊಡ್ಡವರ ಕಡೆ ತಿರುಗುತ್ತಾರೆ, ಎಲ್ಲೋ ಒಂದು ಕಡೆ ಯಾರೋ ಪಾಪ ರುಚಿಗೆ ಅಂತ ಪೂಜೆಯ ರೊಟ್ಟಿಗೆ ಜೇನು ಹಾಕ್ತಿದ್ರಂತೆ, ಹಾಲು ಹಾಕ್ತಿದ್ರಂತೆ, ಒಳ್ಳೆ ಮನಸ್ಸಿಂದಾನೇ ಹಾಕಿರಬಹುದು, ಆದ್ರೆ ನೋಡಿ, ಹಾಗೆ ಮಾಡಿದ ರೊಟ್ಟಿ ಮೇಲೆ ಗುರುಗಳು ಎಷ್ಟು ಮಂತ್ರ ಹೇಳಿದ್ರೂ ಅದು ಪ್ರಭುವಿನ ಶರೀರ ಆಗಲ್ಲ, ಅದು ಬರೀ ತಿಂಡಿ. ಬರೀ ತಿಂಡಿ. ಏನಂದರು, ಏನಂದರು ಈಗ, ಜೇನು ಅಂದರೇ, ಗುಬ್ಬಿಯ ಕಾಲು ನಿಂತಿತು, ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ಅಯ್ಯೋ ಇವಳು ನೋಡಿದ್ದಾಳಲ್ಲ, ನಿನ್ನೆ ಬೆಳಿಗ್ಗೆ ಅಡಿಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು, ಜೇನು ಯಾಕಜ್ಜಿ, ಅಂದಳು, ಬಾಯಿ ಮುಚ್ಕೋ, ರೊಟ್ಟಿ ಸುಡುವಾಗ ಮಾತಾಡಬಾರದು, ಅಂದೆ — ಈಗ ಕೇಳುತ್ತಾಳೆ, ಇಲ್ಲೇ, ಎಲ್ಲರ ಮುಂದೆ, ಗಟ್ಟಿ ದನಿಯಲ್ಲಿ, ಈ ಹುಡುಗಿಗೆ ಪಿಸುಮಾತು ಅನ್ನುವುದೇ ಬರುವುದಿಲ್ಲ, ನನ್ನ ಬೆರಳು ತಾನಾಗಿಯೇ ಮೇಲೆದ್ದು ನನ್ನ ತುಟಿಯ ಮೇಲೆ ಕೂತಿತು, ಶ್, ಗುಬ್ಬಿ ಬಾಯಿ ಮುಚ್ಚಿದಳು, ಕಣ್ಣು ಮುಚ್ಚಲಿಲ್ಲ. ನಮ್ಮ ಪುಣ್ಯ, ಫಾದರ್ ಹೇಳುತ್ತಿದ್ದಾರೆ, ಕೈ ನನ್ನ ಕಡೆ ಚಾಚಿ, ನಮ್ಮಲ್ಲಿ ಆ ಭಯ ಇಲ್ಲ, ನಮ್ಮ ರೊಟ್ಟಿಯಮ್ಮ ಇದಾರೆ, ಹಿಟ್ಟು, ನೀರು, ಪ್ರಾರ್ಥನೆ, ಅಷ್ಟೇ ಅಲ್ವಾ ಅಮ್ಮಾ. ಎಲ್ಲರೂ ತಿರುಗಿದರು. ನಾನು ತಲೆಯಾಡಿಸಿದೆ.

ತಲೆಯಾಡಿಸಿದೆನೇ, ಹೌದು, ಗೊಂಬೆಯ ಹಾಗೆ ಮೇಲೆ ಕೆಳಗೆ ಆಡಿಸಿದೆ, ಈ ತಲೆಗಿಷ್ಟು ಬೆಂಕಿ ಬೀಳ, ಆದರೆ ನನಗೆ ಯಾರು ಹೇಳಿದ್ದರು, ಯಾರಾದರೂ ಒಬ್ಬರು ಕೂರಿಸಿ ಹೇಳಿದ್ದರೇ, ಕಲಿಸಿದ್ದು ಮಠದ ದೊಡ್ಡ ಸಿಸ್ಟರ್, ಅವರ ಬಾಯಲ್ಲಿ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು, ಇಕ್ಕಳದಂಥ ಕಬ್ಬಿಣದ ಅಚ್ಚು, ಉದ್ದ ಹಿಡಿ, ಒಳಗೆ ಶಿಲುಬೆ ಕೆತ್ತಿದ್ದು, ಕಾಯಿಸಿ, ತೆಳ್ಳಗೆ ಕಲಸಿದ ಹಿಟ್ಟು ಒಂದು ಚಮಚ ಸುರಿದು, ಒತ್ತಿ, ಚುಂಯ್ ಅಂದ ಮೇಲೆ ಇಪ್ಪತ್ತು ಎಣಿಸಿ ತೆಗೆಯಬೇಕು, ಹಿಟ್ಟು, ನೀರು, ಬಾಯಿ ಮುಚ್ಚಿಕೊಂಡಿರೋದು, ಇಷ್ಟೇ ಕಲಿಯೋದು, ಅಂದರು ಸಿಸ್ಟರ್, ಯಾಕೆ ಅಂತ ಕೇಳಿದರೆ ಬಾಯಿ ಮುಚ್ಚಿಕೊಂಡಿರೋದು ಅನ್ನೋದೇ ಮರೆತ್ಯಲ್ಲ ನೀನು ಅಂದರು, ನಾನು ಅದನ್ನು ಮಠದ ಜಿಪುಣತನ ಅಂದುಕೊಂಡಿದ್ದೆ, ಹಾಲು ತುಪ್ಪ ಯಾಕೆ ಹಾಳು ಮಾಡೋದು ಅಂತ ಬರೀ ನೀರು ಹಾಕುತ್ತಾರೆ ಅಂತ, ಅದು ಬಿಟ್ಟು ಇನ್ನೇನೂ ಅಂದುಕೊಂಡಿರಲಿಲ್ಲ, ಓದಿದವಳೇ ನಾನು. ಆಮೇಲೆ ಎಲ್ಲ ಬದಲಾಗಿ, ಹೊಸ ಫಾದರ್ ಬಂದು, ಅಮ್ಮ, ಈ ಕಾಗದದಂಥ ಬಿಲ್ಲೆ ನೋಡಿದ್ರೆ ಯಾರಿಗಾದ್ರೂ ರೊಟ್ಟಿ ಅನ್ಸತ್ತಾ, ದಪ್ಪಗೆ, ದೊಡ್ಡದಾಗಿ ಮಾಡಿ, ಎಲ್ಲರ ಕಣ್ಣೆದುರು ಮುರಿದು ಎಲ್ಲರಿಗೂ ಹಂಚೋಣ, ಒಂದೇ ರೊಟ್ಟಿ ಒಂದೇ ಮನೆ, ಅಂದರು, ಮಾತು ಚೆನ್ನಾಗಿತ್ತು, ರೊಟ್ಟಿ ಚೆನ್ನಾಗಿ ಬರಲಿಲ್ಲ, ಬರೀ ಹಿಟ್ಟು ನೀರಿನ ದಪ್ಪ ರೊಟ್ಟಿ ಒಲೆಯಿಂದ ತೆಗೆದ ಗಳಿಗೆಗೆ ಬಿರುಕು ಬಿಟ್ಟಿತು, ತಣ್ಣಗಾದ ಮೇಲೆ ಚಪ್ಪಲಿಯ ಅಟ್ಟೆ, ಪೋಸ್ಟ್‌ಮಾಸ್ಟರ ಹೆಂಡತಿ ಕೃತಕ ಹಲ್ಲು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋದಳು ಅಂತ ಜನ ಆಡಿಕೊಂಡರು, ನನಗೆ ನಾಚಿಕೆ, ಆದರೂ ಆಗ ಜೇನು ಹಾಕಲಿಲ್ಲ, ನಾಚಿಕೆಗೆ ಹಾಕಲಿಲ್ಲ ದೇವರೇ, ನೀನು ಅದನ್ನಾದರೂ ಬರೆದುಕೋ. ಹಾಕಿದ್ದು ಇವರ ಗಂಟಲಿಗೆ. ಗಂಟಲಲ್ಲಿ ಗಡ್ಡೆ, ಗಂಜಿ ಇಳಿಯದು, ನೀರೂ ಹನಿಹನಿಯಾಗಿ ಬಿಟ್ಟರಷ್ಟೇ, ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ, ಭಾನುವಾರ ಫಾದರ್ ಪೂಜೆ ಮುಗಿಸಿ ಮನೆಗೆ ಪ್ರಸಾದ ತರುತ್ತೇನೆ ಅಂದಿದ್ದಾರೆ, ಈ ಅಟ್ಟೆಯನ್ನು ಇವರು ಹೇಗೆ ನುಂಗುತ್ತಾರೆ, ಉಗುಳಿಬಿಟ್ಟರೆ ಏನು ಗತಿ, ಪ್ರಭುವನ್ನು ಉಗುಳಿದ ಹಾಗಾಯಿತಲ್ಲ — ಆ ಶನಿವಾರ ಹಿಟ್ಟಿಗೆ ಒಂದು ಲೋಟ ಹಾಲು, ಎರಡು ಚಮಚ ಜೇನು ಹಾಕಿ ನಾದಿದೆ, ಹಿಟ್ಟು ಕೈಗೆ ಕಿವಿಯ ಹಾಲೆಯ ಹಾಗೆ ಮೆತ್ತಗೆ ಬಂತು. ಇವರು ನುಂಗಿದರು. ಹನ್ನೆರಡು ದಿನದಲ್ಲಿ ಗಂಟಲಲ್ಲಿ ಇಳಿದ ತುತ್ತು ಅದೊಂದೇ, ಕಣ್ಣು ಬಿಟ್ಟು, ಚೆನ್ನಾಗಿದೆ ಕಣೇ, ಅಂದರು, ದನಿಯಿಲ್ಲದೆ, ತುಟಿಯಲ್ಲಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ. ನಿಲ್ಲಿಸಲಿಲ್ಲ, ಆ ಭಾನುವಾರ ಇಡೀ ದೇವಾಲಯ ಬಾಯಿ ಚಪ್ಪರಿಸಿತು, ರೊಟ್ಟಿಯಮ್ಮ, ಇವತ್ತು ರೊಟ್ಟಿ ಕರಗಿಹೋಯ್ತು ಬಾಯಲ್ಲಿ, ಅಂದಳು ಅದೇ ಪೋಸ್ಟ್‌ಮಾಸ್ಟರ ಹೆಂಡತಿ, ಫಾದರೂ ಬಂದರು, ಏನಮ್ಮಾ ಹಾಕ್ತೀರಿ, ಅಂದರು, ನಾನು ನಗುತ್ತಾ ಸಿಸ್ಟರ್ ಹೇಳಿದ್ದನ್ನೇ ಹೇಳಿದೆ, ಹಿಟ್ಟು, ನೀರು, ಬಾಯಿ ಮುಚ್ಚಿಕೊಂಡಿರೋದು, ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಳ್ಳೆ ಗೋಧಿಗೆ ತನ್ನದೇ ಸಿಹಿ ಇರತ್ತೆ ನೋಡಿ ಅಂದರು, ಉಬ್ಬಿಹೋದೆ ನಾನು, ಗಂಡ ಮನೆಯಲ್ಲಿ ಸಾಯುತ್ತಿದ್ದಾನೆ, ನಾನು ಹೊಗಳಿಕೆಗೆ ಉಬ್ಬಿಕೊಂಡು ಮನೆಗೆ ಹೋದೆ, ಅಂದಿನಿಂದ ಎರಡು ವರ್ಷ, ಪ್ರತಿ ಶನಿವಾರ, ಪ್ರತಿ ಶನಿವಾರ ಜೇನು — ನೂರಕ್ಕೂ ಮಿಕ್ಕಿ ಭಾನುವಾರ, ಎಷ್ಟು ಮದುವೆ, ಎಷ್ಟು ಸತ್ತವರ ಪೂಜೆ, ಅವರೆಲ್ಲ ಬಾಯಿ ತೆರೆದು ಆಮೆನ್ ಅಂದರು, ನಾನು ಅವರ ಬಾಯಿಗೆ ತಿಂಡಿ ಇಟ್ಟೆ. ಎಲ್ಲರೂ ಎದ್ದಿದ್ದಾರೆ, ಅಲ್ಲ, ನಾನು ಎದ್ದಿದ್ದೇನೆ, ನಂಬುತ್ತೇನೆ ನಂಬುತ್ತೇನೆ ಅನ್ನುವ ವಿಶ್ವಾಸಸಾರ ನಡೆಯುತ್ತಿದೆ, ನನ್ನ ಬಾಯಿ ತಾನೇ ಹೇಳುತ್ತಿದೆ, ಹಿಂದೆ ಲ್ಯಾಟಿನ್‌ನಲ್ಲಿದ್ದಾಗ ಒಂದು ಪದ ತಿಳಿಯದಿದ್ದರೂ ಹೀಗೆ ಹೆದರಿಕೆಯಾಗುತ್ತಿರಲಿಲ್ಲ, ದೊಡ್ಡವರ ಮಾತು ದೊಡ್ಡವರ ಮಾತಿನಲ್ಲಿ ನಡೆಯುತ್ತಿತ್ತು, ನಾನು ಜಪಸರ ತಿರುಗಿಸುತ್ತಿದ್ದೆ, ಈಗ ಪ್ರತಿ ಪದವೂ ನನ್ನ ಅಡಿಗೆಮನೆಯ ಮಾತಿನಲ್ಲೇ ಬಂದು ನನ್ನ ಮುಖಕ್ಕೇ ಬಡಿಯುತ್ತಿದೆ. ಮತ್ತೆ ಅದು. ಬೇಡ, ಅದನ್ನು ನೆನೆಯಬೇಡ — ಬುಧವಾರ ಮಧ್ಯಾಹ್ನ, ಆ ಭಾನುವಾರದ ನಂತರದ ಬುಧವಾರ, ಕಿಟಕಿಯಿಂದ ಬಿಸಿಲು ಮಂಚದ ಅರ್ಧಕ್ಕೆ ಬಂದಿತ್ತು, ಇವರು ಉಸಿರು ಬಿಟ್ಟು ಇನ್ನೂ ಐದು ನಿಮಿಷ ಆಗಿರಲಿಲ್ಲ, ಕಣ್ಣು ಮುಚ್ಚಿಸಿ ಕೈ ತೆಗೆದೆ, ತುಟಿಯ ಮೂಲೆಯಲ್ಲಿ ಒಂದು ಇರುವೆ. ಒಂದೇ ಒಂದು, ಕರಿಯದು. ಬೆಳಿಗ್ಗೆ ಫಾದರ್ ಬಂದು ಎಣ್ಣೆ ಹಚ್ಚಿ, ಅದೇ ಭಾನುವಾರದ ರೊಟ್ಟಿಯಲ್ಲಿ ಉಳಿಸಿಟ್ಟ ಚೂರು ಇವರ ನಾಲಿಗೆಯ ಮೇಲೆ ಇಟ್ಟು ಹೋಗಿದ್ದರು, ಕೊನೆಯ ಪ್ರಯಾಣದ ಬುತ್ತಿ ಇದು, ಅಂದಿದ್ದರು, ಇರುವೆ ತುಟಿಯಿಂದ ಎದ್ದು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಬಾಯಲ್ಲಿ ಬಿಳಿಯದೇನೋ ಕಚ್ಚಿಕೊಂಡಿತ್ತು, ಸಾಸಿವೆಯಷ್ಟು, ನಾನು ಎರಡು ಬೆರಳಲ್ಲಿ ಹಿಸುಕಿಬಿಟ್ಟೆ. ಆಮೇಲೆ ನಡುಗಿದೆ, ಅಯ್ಯೋ ಪ್ರಭುವನ್ನೇ ಹಿಸುಕಿದೆನಲ್ಲ ಅಂತ, ಎರಡು ವರ್ಷ ಆ ಬೆರಳು ನೋಡಿದಾಗಲೆಲ್ಲ ನಡುಗಿದ್ದೇನೆ, ಪಾಪನಿವೇದನೆಯಲ್ಲಿ ಹೇಳಲು ಹೋಗಿ ನಾಲಿಗೆ ಬರದೆ ವಾಪಸು ಬಂದಿದ್ದೇನೆ, ಈಗ ನಡುಕ ತಿರುಗಿ ನಿಂತಿದೆ — ಆ ಇರುವೆಯ ಬಾಯಲ್ಲಿದ್ದದ್ದು ಪ್ರಭುವಲ್ಲ, ಜೇನು, ಬರೀ ಜೇನು, ಹಾಗಾದರೆ ಇವರು ಏನು ಬಾಯಲ್ಲಿಟ್ಟುಕೊಂಡು ಹೋದರು, ಅಷ್ಟು ದೂರದ ದಾರಿಗೆ ನಾನು ಇವರ ಕೈಗೆ ಏನು ಕಟ್ಟಿಕೊಟ್ಟೆ, ಸ್ವರ್ಗದ ಬಾಗಿಲಲ್ಲಿ ನಿಲ್ಲಿಸಿ ಬಾಯಿ ತೆರೆಸಿ ನೋಡಿದ್ದರೆ ಇವರು ಏನೆಂದಿರುತ್ತಾರೆ, ನನ್ನ ಹೆಂಡತಿ ಕೊಟ್ಟದ್ದು, ಚೆನ್ನಾಗಿತ್ತು, ಅಂದಿರುತ್ತಾರೆ, ಅವರು ಹಾಗೇ ಅನ್ನುವವರು.

ಇವರದ್ದು ಮುಗಿದುಹೋಯಿತು, ನನ್ನ ಕೈ ಅಲ್ಲಿಗೆ ನಿಲುಕುವುದಿಲ್ಲ, ಆದರೆ ಗುಬ್ಬಿಯದು ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅನ್ನುವುದನ್ನು ಹಿಡಿದುಕೋ, ಗಾಬರಿಯಾಗಬೇಡ, ಯೋಚನೆ ಮಾಡು — ಫಾದರ್ ಬಟ್ಟೆ ತೊಡುವ ಕೋಣೆಯಲ್ಲಿ ಗೋಡೆಯ ಕಪಾಟು, ಎರಡನೆಯ ಹಲಗೆ, ಹಳೆಯ ತಗಡಿನ ಡಬ್ಬಿ, ಅದರಲ್ಲಿ ಅಚ್ಚಿನಲ್ಲಿ ಮಾಡಿದ ತೆಳ್ಳನೆಯ ಬಿಲ್ಲೆಗಳಿವೆ, ರೊಟ್ಟಿ ಕಡಿಮೆ ಬಿದ್ದರೆ ಇರಲಿ ಅಂತ ಕಳೆದ ತಿಂಗಳು ನಾನೇ ಮಾಡಿ ತುಂಬಿಟ್ಟದ್ದು, ಬರೀ ಹಿಟ್ಟು, ಬರೀ ನೀರು, ದೇವರಾಣೆ ಬೇರೇನೂ ಇಲ್ಲ, ಇಲ್ಲಿಂದ ಹದಿನೈದು ಹೆಜ್ಜೆ, ಒಂದು ಮಾತು ಸಾಕು, ಫಾದರ್ ಈ ರೊಟ್ಟಿ ಬೇಡ, ಡಬ್ಬಿಯಲ್ಲಿರೋದು ತಗೊಳ್ಳಿ, ಅಂದರೆ ಸಾಕು, ಗುಬ್ಬಿಗೆ ಪ್ರಭು ಸಿಗುತ್ತಾನೆ. ಯಾಕಮ್ಮ ಬೇಡ, ಅನ್ನುತ್ತಾರೆ. ಅನ್ನಲಿ. ಏನು ಹಾಕಿದೀರಿ, ಎಷ್ಟು ದಿನದಿಂದ ಹಾಕಿದೀರಿ. ಅಯ್ಯೋ. ಸೊಸೆ ಮೇಲೆ ನಿಂತು ಪ್ರಾರ್ಥನೆಗಳನ್ನು ಓದುತ್ತಿದ್ದಾಳೆ, ಹೆಂಗಸರು ಅಲ್ಲಿ ಹತ್ತುವುದೂ ಹೊಸದು, ನಮ್ಮ ಅಗಲಿದ ಹಿರಿಯರಿಗಾಗಿ, ಅಂದಳು, ಪ್ರಭುವೇ ನಮ್ಮ ಪ್ರಾರ್ಥನೆಯನ್ನು ಆಲಿಸು, ಅಂತ ಎಲ್ಲರೂ, ಆಲಿಸಬೇಡ ಅಂತ ನಾನು, ಅಲ್ಲ, ಆಲಿಸು, ಏನನ್ನುತ್ತಿದ್ದೇನೆ ನನಗೇ ತಿಳಿಯುತ್ತಿಲ್ಲ, ಅಜ್ಜಿ, ಬನ್ನಿ, ನಾವೇ ಹೋಗಬೇಕು, ಗುಬ್ಬಿ ಕೈ ಎಳೆಯುತ್ತಿದ್ದಾಳೆ, ಹೌದು, ಕಾಣಿಕೆಯ ಮೆರವಣಿಗೆ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಿಂದಿನ ಬಾಗಿಲಿನಿಂದ ಜನರೇ ತಂದು ಕೊಡಬೇಕು ಅನ್ನುವುದು ಈಗಿನ ಪದ್ಧತಿ, ಇವತ್ತು ಆ ಗೌರವ ನಮ್ಮ ಮನೆಗೆ. ಒಳ್ಳೆಯದಾಯಿತು, ಒಳ್ಳೆಯದಾಯಿತು, ರೊಟ್ಟಿ ಕೊಡುವಾಗ ಫಾದರ್ ಕಿವಿ ನನ್ನ ಬಾಯಿಗೆ ಒಂದು ಮೊಳ ದೂರ. ಬಾಗಿಲ ಹತ್ತಿರದ ಪುಟ್ಟ ಮೇಜಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ನಾನೇ ಅಂಚು ಹೊಲಿದ ಬಟ್ಟೆ, ಅದರ ಕೆಳಗೆ ನಾಲ್ಕು ರೊಟ್ಟಿ, ಬಣ್ಣ ಎಷ್ಟು ಚೆನ್ನಾಗಿ ಬಂದಿದೆ, ಮೊಮ್ಮಗಳ ದಿನ ಅಂತ ನಿನ್ನೆ ಎರಡು ಚಮಚಕ್ಕೆ ಮೂರು ಹಾಕಿದ್ದೆ, ನನಗಿಂತ ಪಾಪಿ ಇದ್ದಾರೆಯೇ, ಅಜ್ಜಿ ಇರುವೆ, ಗುಬ್ಬಿ ಅಂದಳು, ಬಟ್ಟೆಯ ಮೇಲೆ ಬಾಯಿಟ್ಟು ಫೂ ಅಂತ ಊದಿದಳು, ಇರುವೆ ಹಾರಿತೋ ಅವಳ ತೋಳಿನ ಮೇಲೆ ಕೂತಿತೋ ಕಾಣಲಿಲ್ಲ, ಶ್, ಅಂದೆ, ನಡಿ, ಅಂದೆ, ತಟ್ಟೆ ಅವಳ ಕೈಯಲ್ಲಿ, ಶೀಶೆ ನನ್ನ ಕೈಯಲ್ಲಿ, ಇಡೀ ದೇವಾಲಯ ಹಾಡುತ್ತಿದೆ, ಬೀಳಿಸಿಬಿಡು ಕಣೇ, ಎಡವಿ ಬೀಳಿಸಿಬಿಡು, ನಿನಗೆ ಬುದ್ಧಿ ಬಂದಾಗಿನಿಂದ ಕೈಗೆ ಕೊಟ್ಟ ಒಂದೊಂದು ಲೋಟವನ್ನೂ ಬೀಳಿಸಿದ್ದೀಯಲ್ಲ, ಇವತ್ತೇ ಏನಾಗಿದೆ ನಿನಗೆ, ಎರಡೂ ಕೈಯಲ್ಲಿ ಹಿಡಿದು ನಾಲಿಗೆ ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ, ಬೀಳಿಸುವುದಿಲ್ಲ, ನಾನಾದರೂ ಮೊಣಕೈಯಿಂದ ತಳ್ಳಲೇ, ಎಲ್ಲರೂ ಅಯ್ಯೋ ಅನ್ನುತ್ತಾರೆ, ಡಬ್ಬಿ ಹೊರಗೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ — ಆದರೆ ತನ್ನ ದಿನದಂದು ರೊಟ್ಟಿ ಬೀಳಿಸಿದ ಹುಡುಗಿ ಅಂತ ಇವಳು ಸಾಯುವವರೆಗೂ ಅನ್ನಿಸಿಕೊಳ್ಳುತ್ತಾಳೆ, ಮೊಣಕೈ ಮುಂದೆ ಬಂದು ಹಿಂದೆ ಹೋಯಿತು, ಬಂದುಬಿಟ್ಟೆವು, ಫಾದರ್ ಬಗ್ಗಿ ತಟ್ಟೆ ತೆಗೆದುಕೊಂಡರು, ಫಾದರ್, ಈ ರೊಟ್ಟಿಯಲ್ಲಿ, ಅಂದೆ, ಏನಮ್ಮಾ, ಈ ರೊಟ್ಟಿಯಲ್ಲಿ ನಾನು, ಮಗ ಕ್ಯಾಮೆರಾ ಹಿಡಿದು, ಅಮ್ಮ ಇಲ್ಲಿ ನೋಡು, ಫಾದರ್ ಇಲ್ಲಿ, ಒಂದು ನಿಮಿಷ, ಬೆಳಕು ಫಳ್ ಅಂತು, ಆಮೇಲೆ ಅಮ್ಮಾ, ಪೂಜೆ ಮುಗಿಲಿ, ನಿಧಾನಕ್ಕೆ ಮಾತಾಡೋಣ, ಅಂತ ಫಾದರ್ ನನ್ನ ಕೈ ತಟ್ಟಿದರು. ತಟ್ಟೆ ಮೇಲಕ್ಕೆ ಹೋಯಿತು.

ಈಗ ಅದು ಅಲ್ಲಿದೆ, ಇವರು ಮಾಡಿದ ಮೇಜಿನ ಮೇಲೆ ನಾನು ಮಾಡಿದ ರೊಟ್ಟಿ, ನಡುವೆ ಏನೂ ಮರೆಯಿಲ್ಲ, ಫಾದರ್ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾರೆ, ಬೆನ್ನು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಜರಿಯ ಶಿಲುಬೆ ನೋಡುತ್ತಾ ಕೂತಿರಬಹುದಿತ್ತು, ಈ ಬೆರಳು, ಈ ರೊಟ್ಟಿ, ಈ ಬಟ್ಟೆ ಯಾವುದನ್ನೂ ನೋಡಬೇಕಾಗಿರಲಿಲ್ಲ, ಹಾ, ಅಲ್ಲಿದೆ, ತಟ್ಟೆಯಿಂದ ಒಂದು ಗೇಣು ದೂರದಲ್ಲಿ ಅದೇ ಇರುವೆ, ಈಗ ನಿಲ್ಲುವುದಿಲ್ಲ, ಮೂಸುವುದಿಲ್ಲ, ದಾರಿ ಗೊತ್ತಾದವನ ಹಾಗೆ ನೇರ ನಡೆಯುತ್ತಿದೆ, ಗೊತ್ತಿಲ್ಲದೆ ಏನು, ಎರಡು ವರ್ಷದಿಂದ ಭಾನುವಾರ ಭಾನುವಾರ ಇಲ್ಲಿ ಸಿಹಿ ಉದುರುತ್ತದೆ ಅಂತ ಅದರ ಸಂಸಾರಕ್ಕೆಲ್ಲ ಗೊತ್ತು, ಸಿಸ್ಟರ ಕಾಲದಲ್ಲಿ ಬಲಿಪೀಠದ ಮೇಲೆ ಒಂದು ದಿನವಾದರೂ ಇರುವೆ ಬಂದದ್ದುಂಟೇ, ಇಷ್ಟು ಜನರಲ್ಲಿ ನನ್ನ ಗುಟ್ಟು ತಿಳಿದದ್ದು ಇರುವೆಗೆ ಮತ್ತು ಗುಬ್ಬಿಗೆ. ಪವಿತ್ರ ಪವಿತ್ರ ಹಾಡಿ ಮುಗಿಯಿತು, ಮೊಣಕಾಲೂರಿದೆ, ಹಿಂದೆ ದಡದಡ ಎಲ್ಲರೂ ಊರಿದರು. ಇನ್ನು ಎಷ್ಟು ಹೊತ್ತು, ಕೈ ಚಾಚುತ್ತಾರೆ, ಗಂಟೆ ಒಂದು ಸಲ ಹೊಡೆಯುತ್ತದೆ, ರೊಟ್ಟಿ ತೆಗೆದುಕೊಳ್ಳುತ್ತಾರೆ, ಆ ಮಾತು ಹೇಳುತ್ತಾರೆ, ಆಮೇಲೆ ಏನೂ ಮಾಡಲಾಗುವುದಿಲ್ಲ, ಆಗಬೇಕಾದದ್ದು ಆಗುವುದಿಲ್ಲ ಅನ್ನುವುದು ಯಾರಿಗೂ ಕಾಣುವುದಿಲ್ಲ. ಹೇಳು, ಈಗ ಹೇಳು, ಮುದುಕಿ, ಇಷ್ಟು ವರ್ಷ ಅಂಗಡಿಯವನ ಹತ್ತಿರ ತೂಕದ ಜಗಳ, ಸೊಸೆಯ ಹತ್ತಿರ ಉಪ್ಪಿನ ಜಗಳ, ಯಾವಾಗ ಬಾಯಿ ಮುಚ್ಚಿಕೊಂಡಿದ್ದೆ ನೀನು, ಈಗ ಬೀಗ ಬಿದ್ದಿದೆಯಲ್ಲ — ಹೇಳಿದರೆ ಇವರೆಲ್ಲ ಲೆಕ್ಕ ಹಾಕುತ್ತಾರೆ, ನಮ್ಮ ಅಪ್ಪನಿಗೆ ಕೊಟ್ಟದ್ದು, ನನ್ನ ಮಗಳ ಮದುವೆಯಲ್ಲಿ ಕೊಟ್ಟದ್ದು, ಸತ್ತ ಕೂಸಿನ ಪೂಜೆಯಲ್ಲಿ ಕೊಟ್ಟದ್ದು, ಮುಖಕ್ಕೆ ಉಗುಳುತ್ತಾರೆ, ಉಗುಳಲಿ, ಅದಲ್ಲ, ನನಗೆ ಭಯ ಅದಲ್ಲ, ಹೇಳಿದ ಗಳಿಗೆಗೆ ಅದು ನಿಜವಾಗಿಬಿಡುತ್ತದೆ, ಇವರು ಬರಿಗೈಯಲ್ಲಿ ಹೋದರು ಅನ್ನುವುದು ನಿಜವಾಗಿಬಿಡುತ್ತದೆ, ಹೇಳುವವರೆಗೆ ಇನ್ನೂ ಒಂದು ಕೂದಲೆಳೆ ಇದೆ, ಫಾದರ್‌ಗೆ ತಪ್ಪು ತಿಳಿದಿರಬಹುದು, ಕಾಗದದಲ್ಲಿ ಬೇರೆ ಏನೋ ಇರಬಹುದು, ದೇವರು ಎರಡು ಚಮಚಕ್ಕೆ ಕಣ್ಣು ಮುಚ್ಚಿಕೊಂಡಿರಬಹುದು. ಗಂಟೆ. ಗುಬ್ಬಿ ಪಕ್ಕದಲ್ಲಿ ಕೈ ಜೋಡಿಸಿ ಕಣ್ಣು ಬಿಗಿಯಾಗಿ ಮುಚ್ಚಿದ್ದಾಳೆ, ರೆಪ್ಪೆ ನಡುಗುವಷ್ಟು ಬಿಗಿಯಾಗಿ, ಇವಳಿಗೆ ಇದು ಬೇಡ, ಇವಳ ಬಾಯಿಗೆ ನಾನು ತಿಂಡಿ ಇಡಲಾರೆ, ಎದ್ದೆ. ಎದ್ದುಬಿಟ್ಟೆ, ಮೊಣಕಾಲು ಲಟಕ್ ಅಂತು, ಬೆಂಚು ಹಿಡಿದು ನೆಟ್ಟಗೆ ನಿಂತೆ, ಇಡೀ ದೇವಾಲಯ ಮೊಣಕಾಲ ಮೇಲೆ, ನಾನೊಬ್ಬಳೇ ನಿಂತಿದ್ದೇನೆ, ಫಾದರ್, ಅಂದೆ, ನಿಲ್ಲಿಸಿ ಫಾದರ್ — ಅಂದೆನೇ, ಅಂದೆ, ಖಂಡಿತ ಅಂದೆ, ಆದರೆ ಅಷ್ಟರಲ್ಲಿ ಹಿಂದಿನಿಂದ ಗುಡುಗಿನ ಹಾಗೆ ಸದ್ದು, ಬೆಂಚುಗಳು ಕಿರ್ರೋ ಅಂದವು, ಚಪ್ಪಲಿಗಳು, ಊರುಗೋಲುಗಳು, ಕೆಮ್ಮು, ಎದ್ದರು, ಎಲ್ಲರೂ ಎದ್ದರು, ನನ್ನನ್ನು ನೋಡಿ ಎದ್ದರು, ರೊಟ್ಟಿಯಮ್ಮ ಎದ್ದರೆ ಏಳಬೇಕು, ಇದೂ ಹೊಸದಿರಬೇಕು ಅಂದುಕೊಂಡು ಇನ್ನೂರು ಜನ ಸಾಲುಸಾಲಾಗಿ ಎದ್ದು ನಿಂತರು, ಕೂರಿ, ಕೂರ್ರೋ ನಿಮ್ಮ, ನನ್ನ ದನಿ ಅವರ ಗದ್ದಲದಲ್ಲಿ ಮುಳುಗಿತು, ಫಾದರ್ ಒಂದು ಗಳಿಗೆ ತಲೆಯೆತ್ತಿ ನೋಡಿದರು, ಹುಬ್ಬು ಮೇಲೆ ಹೋಯಿತು, ನಸುನಕ್ಕರು, ಇರಲಿ ಬಿಡಿ ಅನ್ನುವ ಹಾಗೆ, ತಲೆ ಬಗ್ಗಿಸಿದರು, ಇದು ನನ್ನ ಶರೀರ. ಮೇಲೆತ್ತಿದರು. ಅಷ್ಟೂ ಕಣ್ಣು ಅದರ ಮೇಲೆ. ನಾನು ಕೆಳಗೆ ನೋಡಿದೆ, ತಟ್ಟೆಯ ಅಂಚಿನಲ್ಲಿ ಇರುವೆ ಮುಂಗಾಲೆತ್ತಿ ನಿಂತಿತ್ತು.

ಮುರಿಯುವ ಸದ್ದು ಬರಲಿಲ್ಲ, ಅಷ್ಟು ಮೆತ್ತಗಿದೆ ರೊಟ್ಟಿ, ಮೂರು ಚಮಚ, ಮಕ್ಕಳು ಮೊದಲು, ಸಾಲಾಗಿ, ಹಿಂದೆ ಅವರವರ ಮನೆಯವರು, ನಾನು ಗುಬ್ಬಿಯ ಹಿಂದೆ, ನನ್ನ ಕೈ ಅವಳ ಹೆಗಲ ಮೇಲಿದೆ, ಹಿಂದಕ್ಕೆ ಎಳೆದರೆ ಈಗಲೂ ಆಗುತ್ತದೆ, ಹೊಟ್ಟೆನೋವು ಅನ್ನು, ತಲೆ ಸುತ್ತು ಅನ್ನು, ಏನಾದರೂ ಅನ್ನು, ಹೆಗಲ ಮೂಳೆ ಎಷ್ಟು ಪುಟ್ಟದು, ಬೆರಳು ಬಿಗಿಯುತ್ತಿದೆ, ಅಜ್ಜಿ ನೋಯ್ತದೆ, ಅಂದಳು, ಬಿಟ್ಟೆ. ಬಿಟ್ಟೆನಲ್ಲ. ಕ್ರಿಸ್ತನ ಶರೀರ, ಆಮೆನ್, ಎಷ್ಟು ಸ್ಪಷ್ಟವಾಗಿ ಅಂದಳು, ತಿಂಗಳೆಲ್ಲ ಅಭ್ಯಾಸ ಮಾಡಿದ್ದಾಳೆ, ಪಕ್ಕಕ್ಕೆ ಸರಿದಳು, ಫಾದರ್ ನನ್ನ ಮುಂದೆ, ಕ್ರಿಸ್ತನ ಶರೀರ, ನನ್ನ ಕಣ್ಣಿಗೆ ನೇರ ನೋಡಿ, ಆಮೆನ್ ಅನ್ನಬಾರದು, ಅಂದರೆ ಸುಳ್ಳು, ಅನ್ನದಿದ್ದರೆ ಎಲ್ಲರೂ ನೋಡುತ್ತಾರೆ, ಆಮೆನ್, ನಾಲಿಗೆಯ ಮೇಲೆ ಇಟ್ಟರು. ಸಿಹಿ. ಬೇರೇನೂ ಇಲ್ಲ, ಹುಡುಕುತ್ತಿದ್ದೇನೆ, ನಾಲಿಗೆಯಿಂದ ಮೂಲೆಮೂಲೆ ಹುಡುಕುತ್ತಿದ್ದೇನೆ, ಎಲ್ಲಿದ್ದೀಯಪ್ಪ, ಒಂದು ಚೂರಾದರೂ ಇದ್ದೀಯಾ, ಜೇನು, ಹಾಲಿನ ವಾಸನೆ, ನನ್ನ ಅಡಿಗೆಮನೆ, ಅಂಗುಳಕ್ಕೆ ಅಂಟಿಕೊಂಡಿದೆ, ನುಂಗಲಾರೆ, ಉಗುಳಲಾರೆ, ಗಂಟಲು ಮುಚ್ಚಿಕೊಂಡಿದೆ, ಇವರಿಗೂ ಹೀಗೇ ಆಗುತ್ತಿತ್ತೇ ಆ ಹನ್ನೆರಡು ದಿನ, ವಾಪಸು ಬಂದು ಮೊಣಕಾಲೂರಿದೆ, ಹಿಂದೆ ಅವರೂ ಊರಿದರು. ಗುಬ್ಬಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಹೇಳಿಕೊಟ್ಟ ಹಾಗೆ ಪ್ರಾರ್ಥನೆ ಮಾಡುತ್ತಿದ್ದಾಳೆ, ಬೆರಳ ಸಂದಿನಿಂ‍ದ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು, ಹತ್ತಿರ ಸರಿದಳು, ಬಿಸಿ ಉಸಿರು ಕಿವಿಗೆ ತಾಗಿತು, ಇಷ್ಟು ಮೆಲ್ಲಗೆ ಮಾತಾಡುವುದನ್ನು ಯಾವಾಗ ಕಲಿತಳು ಇವಳು, ಸಿಹಿಯಾಗಿದೆ ಅಜ್ಜಿ, ಅಂದಳು, ನಾನ್ ಯಾರಿಗೂ ಹೇಳಲ್ಲ. ಏನಾದರೂ ಅನ್ನಬೇಕು, ಹೇಳು ಕಣೇ, ಎಲ್ಲರಿಗೂ ಹೇಳು ಅನ್ನಬೇಕು, ಬಾಯಿ ತುಂಬ ರೊಟ್ಟಿ, ಬಾಯಿ ಮುಚ್ಚಿಕೊಂಡಿದ್ದೇನೆ. ಅವಳ ತುಟಿಯ ಮೂಲೆಯಲ್ಲಿ ಒಂದು ಚೂರು ಉಳಿದಿದೆ, ಬಿಳಿಯದು, ಸಾಸಿವೆಯಷ್ಟು, ಅವಳು ಊದಿದಾಗ ಕಾಣೆಯಾದದ್ದು ಫ್ರಾಕಿನ ತೋಳಿನ ಜಾಲರಿಯಿಂದ ಹೊರಬಂದು, ಭುಜ ದಾಟಿ, ಕತ್ತಿನ ಮೇಲೆ, ಒಂದೇ ಒಂದು, ಕರಿಯದು, ನನ್ನ ಎರಡು ಬೆರಳು ಮೇಲೆದ್ದವು, ಗಾಳಿಯಲ್ಲಿ ನಿಂತವು, ಗಲ್ಲದ ಮೇಲೆ, ಹತ್ತುತ್ತಿದೆ, ಇರುವೆ, ತುಟಿಯ ಮೂಲೆಗೆ, ಇರುವೆ